ಐದು ಜನ, ಐವತ್ತು ಕಾಳು: ಅಂತರ್ಜಲ ಆಟದ ವಿಮರ್ಶೆ

ಈ ಆಟದ ಸಾಮಾನೆಲ್ಲ ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಐವತ್ತು ಚೌಕ ಬರೆದ ದಪ್ಪ ಹಾಳೆ, ಐವತ್ತು ಕಾಳು ಅಥವಾ ಬೆಣಚುಕಲ್ಲು, ಐದು ಜೊತೆ ಚೀಟಿ, ಒಂದು ಲೆಕ್ಕದ ಪಟ್ಟಿ. ಕಾಳು ಎಂದರೆ ನೆಲದೊಳಗಿನ ನೀರು, ಒಂದು ಸುತ್ತು ಎಂದರೆ ಒಂದು ವರ್ಷ. ಆಡುವವರು ಐದು ಜನ. ಪ್ರತಿ ಸುತ್ತಿನಲ್ಲೂ ಒಬ್ಬೊಬ್ಬರು ‘ಎ’ ಅಥವಾ ‘ಬಿ’ ಬೆಳೆ ಆರಿಸಿ ಚೀಟಿಯನ್ನು ಮಗುಚಿ ಇಡಬೇಕು. ಎ ಬೆಳೆಗೆ 1 ಕಾಳು ನೀರು, 2 ಅಂಕ ಆದಾಯ. ಬಿ ಬೆಳೆಗೆ 3 ಕಾಳು ನೀರು, 5 ಅಂಕ ಆದಾಯ. ಚೀಟಿ ನೋಡಿ ಅಷ್ಟು ಕಾಳು ತೆಗೆದ ಮೇಲೆ ಮಳೆಯ ಪಾಲಾಗಿ 5 ಕಾಳು ಹಾಳೆಗೆ ಮರಳುತ್ತವೆ. ಐವತ್ತಕ್ಕಿಂತ ಹೆಚ್ಚಾದದ್ದು ಹಳ್ಳಕ್ಕೆ ಹರಿದುಹೋಯಿತು ಎಂದು ಲೆಕ್ಕ.

ಇಂಥ ಆಟವನ್ನು ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯ ರೂತ್ ಮೈನ್‌ಜೆನ್-ಡಿಕ್ ಮತ್ತು ಸಂಗಡಿಗರು ‘ಫೌಂಡೇಶನ್ ಫಾರ್ ಇಕಲಾಜಿಕಲ್ ಸೆಕ್ಯುರಿಟಿ’ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆಗೂಡಿ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಆಡಿಸಿ, ಕಂಡದ್ದನ್ನು 2016 ಮತ್ತು 2018ರಲ್ಲಿ ಪ್ರಕಟಿಸಿದರು. ಅದೇ ಯೋಜನೆಯಲ್ಲಿದ್ದೂ ಆಟ ಆಡದ ಊರುಗಳಿಗೆ ಹೋಲಿಸಿದರೆ, ಆಡಿದ ಊರುಗಳಲ್ಲಿ ಹೆಚ್ಚಿನವು ನೀರಿನ ದಾಖಲೆ ಪುಸ್ತಕ ಇಟ್ಟವು, ಬಳಕೆಗೆ ನಿಯಮ ಮಾಡಿಕೊಂಡವು. ಆಟವೊಂದರಿಂದಲೇ ಅಂತರ್ಜಲದ ಕುಸಿತ ನಿಲ್ಲುವುದಿಲ್ಲ ಎಂದೂ ಅವರೇ ಬರೆದಿದ್ದಾರೆ. ಇಲ್ಲಿ ಕೊಟ್ಟಿರುವ ಅಂಕಗಳು ಈ ವಿಮರ್ಶೆಗೆಂದು ಆರಿಸಿಕೊಂಡ ಜೋಡಣೆ. ಅವರವರ ಬೆಳೆಗೆ ತಕ್ಕಂತೆ ಬದಲಿಸಿಕೊಳ್ಳಬಹುದು, ಬದಲಿಸಿಕೊಳ್ಳಲೇಬೇಕು. ಯಾಕೆ ಎಂಬುದೇ ಈ ಬರಹದ ಮುಖ್ಯ ಮಾತು.

ಮೊದಲು ಒಳ್ಳೆಯದನ್ನು ಹೇಳಿಬಿಡಬೇಕು. ನೆಲದೊಳಗಿನ ನೀರು ಕಣ್ಣಿಗೆ ಕಾಣುವುದಿಲ್ಲ. ಪಕ್ಕದವರು ಎಷ್ಟು ಎತ್ತುತ್ತಿದ್ದಾರೆ ಎಂಬುದೂ ಕಾಣುವುದಿಲ್ಲ. ತನ್ನ ಬಾವಿ ಬತ್ತಿದರೆ ಮಳೆಯನ್ನೋ ಕೊರೆದವರನ್ನೋ ದೂರುವುದು ವಾಡಿಕೆ. ಹಾಳೆಯ ಮೇಲಿನ ಕಾಳು ಎಲ್ಲರ ಕಣ್ಣೆದುರೇ ಕಡಿಮೆಯಾಗುತ್ತದೆ. ಐವರೂ ಎ ಬೆಳೆದರೆ 5 ಕಾಳು ಹೋಗಿ 5 ಬರುತ್ತದೆ, ಮಟ್ಟ ಅಲ್ಲಾಡುವುದಿಲ್ಲ. ಐವರೂ ಬಿ ಬೆಳೆದರೆ ಸುತ್ತಿಗೆ 15 ಹೋಗಿ 5 ಬರುತ್ತದೆ. ಐವತ್ತು ನಲವತ್ತಾಗಿ, ಮೂವತ್ತಾಗಿ, ನಾಲ್ಕನೆಯ ಸುತ್ತಿನ ಕೊನೆಗೆ ಹತ್ತಕ್ಕೆ ಬಂದು ನಿಲ್ಲುತ್ತದೆ. ಐದನೆಯ ಸುತ್ತಿನಲ್ಲಿ ಯಾರ ಬೆಳೆಗೆ ನೀರು, ಯಾರದಕ್ಕೆ ಇಲ್ಲ ಎಂಬ ಜಗಳ ಅಲ್ಲೇ ಶುರುವಾಗುತ್ತದೆ. ಆ ಜಗಳ ಹಾಳೆಯ ಮೇಲೆ ನಡೆಯುವುದೇ ಈ ಸಾಧನದ ಬೆಲೆ. ಇನ್ನೊಂದು ಸೂಕ್ಷ್ಮವೂ ಇದೆ. ಒಂದು ಕಾಳು ನೀರಿಗೆ ಎ ಕೊಡುವುದು 2 ಅಂಕ, ಬಿ ಕೊಡುವುದು 1.67. ಹೊಲದ ಲೆಕ್ಕದಲ್ಲಿ ಬಿ ಮೇಲು, ನೀರಿನ ಲೆಕ್ಕದಲ್ಲಿ ಎ ಮೇಲು. ಈ ಎರಡು ಲೆಕ್ಕ ಬೇರೆ ಬೇರೆ ಎಂದು ಭಾಷಣದಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಇಲ್ಲಿ ಹೋಗುತ್ತದೆ.

ಇನ್ನು ದೋಷಗಳು. ಮೇಲಿನ ಜೋಡಣೆಯನ್ನು ಹಾಗೆಯೇ ಆಡಿಸಿದರೆ ಆಟ ತಪ್ಪು ಪಾಠ ಕಲಿಸುತ್ತದೆ. ಕೂಡಿಸಿ ನೋಡಿ: ಐವರೂ ಹತ್ತು ಸುತ್ತು ಎ ಬೆಳೆದರೆ ಒಟ್ಟು 100 ಅಂಕ. ಐವರೂ ಬಿ ಬೆಳೆದರೆ ನಾಲ್ಕೇ ಸುತ್ತಿಗೆ 100 ಅಂಕ. ಆಮೇಲೆ ಉಳಿದ 10 ಕಾಳಿನಲ್ಲಿ ಆರು ಸುತ್ತು ಎ ಬೆಳೆದರೆ ಇನ್ನೂ 60. ಅಂದರೆ ನೀರನ್ನು ಬರಿದು ಮಾಡಿದವರಿಗೆ 160, ಕಾಪಾಡಿದವರಿಗೆ 100. ಚುರುಕು ಆಟಗಾರರು ಇದನ್ನು ಎರಡನೆಯ ಸರದಿಯಲ್ಲೇ ಕಂಡುಕೊಳ್ಳುತ್ತಾರೆ. ನಿಜವಾದ ಬಾವಿಯಲ್ಲಿ ಹೀಗಾಗುವುದಿಲ್ಲ. ಮಟ್ಟ ಇಳಿದಂತೆ ನೀರೆತ್ತುವ ಖರ್ಚು ಏರುತ್ತದೆ, ಪಂಪು ಕೆಳಗಿಳಿಸಬೇಕಾಗುತ್ತದೆ, ಮರು ಕೊರೆತ ಬೇಕಾಗುತ್ತದೆ. ಆಳದ ಖರ್ಚಿಲ್ಲದ ಆಟ ಅರ್ಧ ಸುಳ್ಳು.

ಸರಿಪಡಿಸುವುದು ಸುಲಭ. ಸುತ್ತು ಶುರುವಾಗುವಾಗ ಹಾಳೆಯಲ್ಲಿ 41ರಿಂದ 50 ಕಾಳಿದ್ದರೆ ಬಿ ಬೆಳೆಗೆ 5 ಅಂಕ, 31ರಿಂದ 40 ಇದ್ದರೆ 4, 21ರಿಂದ 30ಕ್ಕೆ 3, 11ರಿಂದ 20ಕ್ಕೆ 2, ಅದಕ್ಕಿಂತ ಕೆಳಗೆ 1. ಎ ಬೆಳೆಗೆ 20ಕ್ಕಿಂತ ಮೇಲಿರುವವರೆಗೆ 2, ಆಮೇಲೆ 1. ಹಾಳೆಯ ಚೌಕಗಳಿಗೆ ಐದು ಬಣ್ಣ ಬಳಿದರೆ ಓದಲು ಬಾರದವರಿಗೂ ತಿಳಿಯುತ್ತದೆ. ಈಗ ನಾಲ್ಕು ಸುತ್ತು ಬಿ ಬೆಳೆದರೆ 25, 20, 15, 10 ಸೇರಿ 70, ಆಮೇಲೆ ಆರು ಸುತ್ತು ಎ ಬೆಳೆದರೆ 30, ಒಟ್ಟು 100. ಹತ್ತು ಸುತ್ತಿನ ಕೊನೆಗೆ ಎರಡೂ ದಾರಿ ಸಮಸಮ. ಆದರೆ ಹನ್ನೊಂದನೆಯ ವರ್ಷದಿಂದ ಒಬ್ಬರ ಊರಿಗೆ ವರ್ಷಕ್ಕೆ 10 ಅಂಕ, ಇನ್ನೊಂದು ಊರಿಗೆ 5. ಹಾಗಾಗಿ ಎಷ್ಟು ಸುತ್ತು ಆಡುತ್ತೇವೆ ಎಂದು ಮೊದಲೇ ಹೇಳಬಾರದು. ಕೊನೆಯ ಸುತ್ತು ಯಾವುದೆಂದು ಗೊತ್ತಾದರೆ ಎಲ್ಲರೂ ಆ ಸುತ್ತಿನಲ್ಲಿ ಬಿ ಇಡುತ್ತಾರೆ, ಅದನ್ನು ನೋಡಿ ‘ನಮ್ಮವರು ಕೂಡಿ ಬಾಳುವವರಲ್ಲ’ ಎಂದು ಬರೆದುಕೊಳ್ಳುವ ಅಧಿಕಾರಿಗಳೂ ಇರುತ್ತಾರೆ.

ಇದೇ ಬಣ್ಣದ ಹಾಳೆಯಲ್ಲಿ ಮೂರನೆಯ ದಾರಿಯೊಂದಿದೆ. ಮೊದಲ ಎರಡು ವರ್ಷ ಎಲ್ಲರೂ ಬಿ ಬೆಳೆದು ಮಟ್ಟವನ್ನು 30ಕ್ಕೆ ಇಳಿಸಿ, ಆಮೇಲೆ ಎಂಟು ವರ್ಷ ಎ ಬೆಳೆದರೆ 25, 20, 80 ಸೇರಿ 125 ಅಂಕ. ಕಾಪಾಡಿದವರಿಗಿಂತಲೂ ಹೆಚ್ಚು! ಇದನ್ನು ಮುಚ್ಚಿಡಬಾರದು. ಸಂಗ್ರಹದ ಒಂದು ಪಾಲನ್ನು ಬಳಸುವುದು ತಾನಾಗಿ ತಪ್ಪಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದೇ ಊರೂ ಸರ್ಕಾರವೂ ತೂಗಬೇಕಾದ ಪ್ರಶ್ನೆ. ಅದಕ್ಕೆ ಬರದ ಚೀಟಿ ಬೇಕು. ಪ್ರತಿ ವರ್ಷ ಐದೇ ಕಾಳು ಎಂಬ ನಿಯಮ ಬಿಟ್ಟು ಹತ್ತು ಮಳೆ ಚೀಟಿ ಮಾಡಿ: ಎರಡರಲ್ಲಿ 0, ಎರಡರಲ್ಲಿ 3, ಮೂರರಲ್ಲಿ 5, ಎರಡರಲ್ಲಿ 8, ಒಂದರಲ್ಲಿ 13. ಸರಾಸರಿ ಅದೇ 5. 30ಕ್ಕೆ ಇಳಿದು ಕೂತ ಊರಿಗೆ ಎರಡು ಸೊನ್ನೆ ಒಟ್ಟಿಗೆ ಬಂದರೆ, ಎಲ್ಲರೂ ಎ ಬೆಳೆದರೂ ಮಟ್ಟ 20 ಮುಟ್ಟಿ ಆದಾಯ ಅರ್ಧಕ್ಕೆ ಬೀಳುತ್ತದೆ. 50ರಲ್ಲಿದ್ದ ಊರು 40ರಲ್ಲಿ ಉಸಿರಾಡುತ್ತಿರುತ್ತದೆ. ಮಳೆ ಕಡಿಮೆ ಇರುವ ಸೀಮೆಗಳಲ್ಲಿ ಬಹುಪಾಲು ಮರುಪೂರಣ, ಅಂದರೆ ನೀರು ಮತ್ತೆ ನೆಲಕ್ಕೆ ಇಂಗುವುದು, ಕೆಲವೇ ಜೋರು ಮಳೆಯ ವರ್ಷಗಳಲ್ಲಿ ಆಗುತ್ತದೆ. ಸರಾಸರಿ ನಂಬಿ ಮಾಡಿದ ನಿಯಮ ಮುರಿಯುವುದು ಇಲ್ಲೇ.

ಎರಡನೆಯ ದೊಡ್ಡ ದೋಷ ಐವತ್ತು ಎಂಬ ಅಂಕೆಯಲ್ಲಿದೆ. 100 ಹೆಕ್ಟೇರ್ ಜಾಗ ತೆಗೆದುಕೊಳ್ಳೋಣ, ವರ್ಷಕ್ಕೆ 60 ಮಿಲಿಮೀಟರ್ ನೀರು ಇಂಗುತ್ತದೆ ಎನ್ನೋಣ. ಅದು 60,000 ಘನ ಮೀಟರ್. ಐದು ಕಾಳಿಗೆ ಹಂಚಿದರೆ ಒಂದು ಕಾಳು 12,000 ಘನ ಮೀಟರ್, ಐವತ್ತು ಕಾಳು ಆರು ಲಕ್ಷ ಘನ ಮೀಟರ್. ಶಿಥಿಲ ಗ್ರಾನೈಟ್ ಶಿಲೆಯಿಂದ ನಮ್ಮ ಕೈಗೆ ಸಿಗುವ ನೀರು ಅದರ ಗಾತ್ರದ ನೂರಕ್ಕೆ 1ರಿಂದ 3ರಷ್ಟು. ನೂರಕ್ಕೆ 2 ಎಂದು ಹಿಡಿದರೆ ಆರು ಲಕ್ಷ ಘನ ಮೀಟರ್ ಇರಬೇಕಾದರೆ 30 ಮೀಟರ್ ದಪ್ಪದ ನೀರುತುಂಬಿದ ಪದರ ಬೇಕು. ನಿಮ್ಮ ಕಡೆ ಆ ಪದರ 15 ಮೀಟರ್ ಮಾತ್ರ ಇದ್ದರೆ ಆಟ 25 ಕಾಳಿನಿಂದ ಶುರುವಾಗಬೇಕು. ಆಗ ಎಲ್ಲರೂ ಬಿ ಬೆಳೆದರೆ ಎರಡೇ ಸುತ್ತಿಗೆ ಹಾಳೆಯಲ್ಲಿ 5 ಕಾಳು. ಬದಲಿಗೆ ಮರಳು ಮೆಕ್ಕಲಿನ ಸೀಮೆಯಾದರೆ, ನೂರಕ್ಕೆ 15ರ ಲೆಕ್ಕದಲ್ಲಿ ಅದೇ 30 ಮೀಟರ್ ಪದರದಲ್ಲಿ 375 ಕಾಳು ಇರುತ್ತವೆ. ಅಲ್ಲಿ ಹತ್ತು ಸುತ್ತಿನಲ್ಲಿ ಏನೂ ಆಗಿಲ್ಲ ಎನ್ನಿಸುತ್ತದೆ, ಕುಸಿತ ಮೊಮ್ಮಕ್ಕಳ ಕಾಲಕ್ಕೆ ಸರಿಯುತ್ತದೆ. ಐವತ್ತು ಕಾಳಿನ ಹಾಳೆ ಗಟ್ಟಿ ಶಿಲೆಯ ಊರಿಗೆ ಸುಳ್ಳು ಧೈರ್ಯ ಕೊಡುತ್ತದೆ, ಮೆಕ್ಕಲಿನ ಊರಿಗೆ ಸುಳ್ಳು ಭಯ ಹುಟ್ಟಿಸುತ್ತದೆ.

ಈ ಪರಿವರ್ತನೆ ಮಾಡಿಕೊಂಡರೆ ಇನ್ನೊಂದು ಲಾಭವಿದೆ. ಒಂದು ಹೆಕ್ಟೇರಿಗೆ 100 ಮಿಲಿಮೀಟರ್ ನೀರು ಎಂದರೆ 1,000 ಘನ ಮೀಟರ್. 100 ಹೆಕ್ಟೇರ್ ಗ್ರಾನೈಟ್ ಸೀಮೆಯಲ್ಲಿ ಮಟ್ಟ 1 ಮೀಟರ್ ಇಳಿದರೆ ಹೋದದ್ದು 20,000 ಘನ ಮೀಟರ್. ಭತ್ತಕ್ಕೆ 1,200 ಮಿಲಿಮೀಟರ್ ಕಟ್ಟಿದರೆ ಅದು ಎರಡು ಹೆಕ್ಟೇರಿಗೂ ಸಾಲದು. ಗದ್ದೆಯಿಂದ ಒಂದಷ್ಟು ನೀರು ಮತ್ತೆ ಇಂಗುತ್ತದೆ, ಅದನ್ನು ಕಳೆದೇ ಲೆಕ್ಕ ಹಾಕಬೇಕು. ಆದರೂ ಈ ಅಂಕೆಯನ್ನು ಕೇಳಿದ ಮೇಲೆ ಸಭೆಯ ಮಾತಿನ ದಿಕ್ಕು ಬದಲಾಗುತ್ತದೆ.

ನಡೆಸುವ ಕ್ರಮ. ಇಬ್ಬರು ಬೇಕು, ಒಬ್ಬರು ಆಡಿಸಲು, ಒಬ್ಬರು ಬರೆಯಲು. ಪಟ್ಟಿಯಲ್ಲಿ ಸುತ್ತು, ಶುರುವಿನ ಮಟ್ಟ, ಎ ಎಷ್ಟು, ಬಿ ಎಷ್ಟು, ತೆಗೆದದ್ದು, ಮಳೆ, ಕೊನೆಯ ಮಟ್ಟ ಎಂಬ ಏಳು ಕಾಲಮು ಸಾಕು. ಎರಡು ಸುತ್ತು ಅಭ್ಯಾಸಕ್ಕೆ. ಆಮೇಲೆ ಹತ್ತು ಸುತ್ತು ಮಾತಾಡದೆ, ಹಾಳೆಯನ್ನು ಮತ್ತೆ ತುಂಬಿಸಿ ಇನ್ನು ಹತ್ತು ಸುತ್ತು ಮಾತಾಡಿಕೊಂಡು. ಮೊದಲ ಹತ್ತರಲ್ಲಿ ಒಟ್ಟು ಎಷ್ಟು ಕಾಳು ಹೋಯಿತು ಎಂದಷ್ಟೇ ಹೇಳಬೇಕು, ಯಾರು ಎಷ್ಟು ಎತ್ತಿದರು ಎಂದು ಹೇಳಬಾರದು. ಕಾಳಿನ ಬದಲು ಗಾಜಿನ ಡಬ್ಬಿಯಲ್ಲಿ ನಿಜವಾದ ನೀರು ಇಟ್ಟು ಆಡಿಸುವುದು ಚೆನ್ನಾಗಿ ಕಾಣುತ್ತದೆ, ಆದರೆ ಅಳತೆಯಲ್ಲಿ ತಪ್ಪಾಗಿ, ಚೆಲ್ಲಿ, ಆರನೆಯ ಸುತ್ತಿಗೆ ಲೆಕ್ಕ ಹಳಿ ತಪ್ಪುತ್ತದೆ. ಕಾಳೇ ಮೇಲು. ಒಟ್ಟು ಒಂದೂವರೆ ಗಂಟೆ ಹಿಡಿಯುತ್ತದೆ. ಅದಾದ ಮೇಲಿನ ಊರ ಚರ್ಚೆಗೆ ಇನ್ನೊಂದು ಗಂಟೆ ಕಡ್ಡಾಯವಾಗಿ ಇಡಬೇಕು, ಅದೇ ದಿನ, ಅದೇ ಜಾಗದಲ್ಲಿ. ಹೊತ್ತಾಯಿತೆಂದು ಚರ್ಚೆಯನ್ನು ಬಿಡುವುದೇ ಈ ಆಟದಲ್ಲಿ ಅತಿ ಹೆಚ್ಚು ಆಗುವ ತಪ್ಪು. ಆಡಿದವರು ಐದೇ ಜನ, ನೀರು ಕುಡಿಯುವವರು ಊರೆಲ್ಲ. ಚರ್ಚೆಯಿಲ್ಲದಿದ್ದರೆ ಉಳಿದವರಿಗೆ ಇದು ಮೋಜು ಮಾತ್ರ. ಎರಡನೆಯ ತಪ್ಪು, ಆಡಿಸುವವರು ‘ಎ ಆರಿಸಿ’ ಎಂದು ಮುಖದಲ್ಲೇ ಸೂಚನೆ ಕೊಡುವುದು.

ಎಲ್ಲರ ಬಾವಿಯೂ ಒಂದೇ ಆಳ ಎಂದು ಹಾಳೆ ಹೇಳುತ್ತದೆ. ಹಾಗಿಲ್ಲ. ಐವರಲ್ಲಿ ಇಬ್ಬರಿಗೆ ತೆರೆದ ಬಾವಿ ಕೊಡಿ, 25ಕ್ಕಿಂತ ಕೆಳಗಿಳಿದರೆ ಅವರ ಬೆಳೆ ಇಲ್ಲ. ಮೂವರಿಗೆ ಆಳದ ಕೊಳವೆಬಾವಿ, ಅವರಿಗೆ 5ರವರೆಗೂ ನೀರು. ಪ್ರತಿ ಸುತ್ತಿನ ಮೊದಲ ಒಂದು ಕಾಳನ್ನು ಕುಡಿಯುವ ನೀರಿಗೆ ಎತ್ತಿಡಿ. ಐದನೆಯ ಸುತ್ತಿಗೆ ಆರನೆಯ ಆಟಗಾರರನ್ನು ಕೂರಿಸಿ, ಹೊಸ ಬಾವಿ ಕೊರೆದವರೆಂದು. ಆಗ ಹೊರಬರುವ ಮಾತು ಬೇರೆಯೇ: ನೀರು ಮುಗಿಯುವುದು ಎಲ್ಲರಿಗೂ ಒಂದೇ ದಿನವಲ್ಲ.

ನೀತಿ ಮಾಡುವವರಿಗೆ ಈ ಸಾಧನ ಹೆಚ್ಚು ಉಪಯೋಗಕ್ಕೆ ಬರುವುದು ಆಯ್ಕೆಗಳನ್ನು ತೂಗಿ ನೋಡಲು. ಇಂಗುಗುಂಡಿ, ಚೆಕ್‌ಡ್ಯಾಮ್ ಕಟ್ಟಿದ್ದೇವೆ, ವರ್ಷಕ್ಕೆ ಒಂದು ಕಾಳು ಹೆಚ್ಚು ಬರುತ್ತದೆ ಎನ್ನಿ. ಎಲ್ಲರೂ ಬಿ ಬೆಳೆಯುತ್ತಿದ್ದರೆ 50 ಕಾಳು 41, 32, 23, 14 ಆಗುತ್ತದೆ. ಐದನೆಯ ವರ್ಷಕ್ಕೆ ಬೇಕಾದದ್ದು 15. ಒಂದು ಕಾಳು ಸಾಲದು! ಅದೇ ಎಲ್ಲರೂ ಎ ಬೆಳೆಯುವ ಊರಿನಲ್ಲಿ ಆ ಒಂದು ಕಾಳಿನಿಂದ ಎರಡು ವರ್ಷಕ್ಕೊಮ್ಮೆ ಒಬ್ಬರು ನಿಶ್ಚಿಂತೆಯಿಂದ ಬಿ ಬೆಳೆಯಬಹುದು. ಬಳಕೆಗೆ ಕಡಿವಾಣ ಹಾಕದೆ ಬರೀ ಇಂಗಿಸುವ ಕಾಮಗಾರಿಗೆ ದುಡ್ಡು ಸುರಿಯುವವರು ಈ ನಾಲ್ಕು ಅಂಕೆಗಳನ್ನು ಒಮ್ಮೆ ಆಡಿ ನೋಡಬೇಕು.

ಹನಿ ನೀರಾವರಿಯ ಕಥೆ ಇನ್ನೂ ನಾಜೂಕು. ಬಿ ಬೆಳೆಗೆ 3ರ ಬದಲು 2 ಕಾಳು ಸಾಕು ಎಂದರೆ ಸುತ್ತಿಗೆ ಕುಸಿತ 10ರ ಬದಲು 5. ಆದರೆ ಉಳಿದ ನೀರಿಗೆ ಹೊಸ ಹೊಲ ಸೇರಿಸಿಕೊಂಡರೆ ಮತ್ತೆ 3. ಜೊತೆಗೆ ಮೊದಲು ಹೊಲದಿಂದ ಕೆಳಗಿಳಿದು ಮರಳುತ್ತಿದ್ದ ನೀರೂ ಈಗಿಲ್ಲ. ಕ್ವೆಂಟಿನ್ ಗ್ರಾಫ್ಟನ್ ಮತ್ತು ಸಂಗಡಿಗರು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದ ವಿರೋಧಾಭಾಸ ಇದೇ. ಹನಿ ಪೈಪಿನ ಜೊತೆಗೆ ವಿಸ್ತೀರ್ಣಕ್ಕೋ ಎತ್ತುವ ನೀರಿಗೋ ಮಿತಿ ಇರಲೇಬೇಕು. ಬಾವಿಯಿಂದ ಬಾವಿಗೆ ಅಂತರದ ನಿಯಮ ಒಂದರ ಒರತೆಯನ್ನು ಇನ್ನೊಂದು ಕಸಿಯುವುದನ್ನು ತಡೆಯುತ್ತದೆ, ಒಟ್ಟು ಎತ್ತುವ ನೀರನ್ನಲ್ಲ.

ನೀರಿಗೋ ವಿದ್ಯುತ್ತಿಗೋ ದರ ಹಾಕಿದರೆ? ಕಾಳಿಗೆ 1 ಅಂಕ ಕಿತ್ತುಕೊಂಡರೆ ಎ ಬೆಳೆಗೆ ಉಳಿಯುವುದು 1, ಬಿ ಬೆಳೆಗೆ 2. ಇನ್ನೂ ಬಿ ಬೆಳೆಯೇ ಮೇಲು. ಒಂದೂವರೆ ಅಂಕ ಹಾಕಿದಾಗ ಎರಡಕ್ಕೂ ಅರ್ಧರ್ಧ ಅಂಕ ಉಳಿದು ಸಮವಾಗುತ್ತದೆ. ಅಷ್ಟರಲ್ಲಿ ಎ ಬೆಳೆದವರ ಮುಕ್ಕಾಲು ಆದಾಯ ಹೋಗಿರುತ್ತದೆ. ಬೆಳೆ ಬದಲಿಸುವಷ್ಟು ದೊಡ್ಡ ದರ ಬದುಕನ್ನೇ ನುಂಗುತ್ತದೆ, ತಡೆದುಕೊಳ್ಳಬಹುದಾದ ದರ ಬೆಳೆ ಬದಲಿಸುವುದಿಲ್ಲ. ಇದಕ್ಕೊಂದು ದಾರಿ: ಕಾಳಿಗೆ 2 ಅಂಕ ವಸೂಲು ಮಾಡಿ, ಸೇರಿದ್ದನ್ನು ಐವರಿಗೂ ಸಮನಾಗಿ ಹಂಚುವುದು. ಎಲ್ಲರೂ ಎ ಬೆಳೆದರೆ ಕೊಟ್ಟ 2 ಅಂಕ ಪೂರ್ತಿ ಮರಳುತ್ತದೆ. ಒಬ್ಬರು ಬಿ ಬೆಳೆದರೆ ಅವರಿಗೆ 1.8, ಉಳಿದ ನಾಲ್ವರಿಗೆ ತಲಾ 2.8. ಈ ಜೋಡಣೆಯನ್ನು ಆಡಿಸಿದಾಗ ‘ಹಣ ನಿಜವಾಗಿ ವಾಪಸು ಬರುತ್ತದೆಯೇ’ ಎಂಬ ಪ್ರಶ್ನೆ ಏಳುವುದು ಖಂಡಿತ. ಆ ನಂಬಿಕೆ ಇಲ್ಲದ ಕಡೆ ದರದ ದಾರಿ ನಡೆಯುವುದಿಲ್ಲ.

ನಮಗೆ ಹೆಚ್ಚು ಹಿಡಿಸಿದ್ದು ಹಲವು ವರ್ಷದ ಪಾಲು. ಹತ್ತು ವರ್ಷದಲ್ಲಿ ಮಟ್ಟ 50ರಿಂದ 30ಕ್ಕೆ ಇಳಿಯಲಿ, ಅದಕ್ಕಿಂತ ಕೆಳಗೆ ಬೇಡ ಎಂದು ಊರು ಒಪ್ಪಿದರೆ ಒಬ್ಬರಿಗೆ ಐದು ವರ್ಷಕ್ಕೆ 7 ಕಾಳು. ನಾಲ್ಕು ವರ್ಷ ಎ, ಒಂದು ವರ್ಷ ಬಿ. ಯಾವ ವರ್ಷ ಎಂಬುದು ಅವರವರ ಇಷ್ಟ. ವರ್ಷವರ್ಷದ ಬಿಗಿ ಮಿತಿಗಿಂತ ಇದು ಸಹಿಸಲು ಸುಲಭ. ಅಮೆರಿಕದ ಕ್ಯಾನ್ಸಸ್ ರಾಜ್ಯದ ‘ಶೆರಿಡನ್ 6’ ಪ್ರದೇಶದಲ್ಲಿ ರೈತರೇ ಮುಂದಾಗಿ 2013ರಲ್ಲಿ ತಂದ ನಿಯಮ ಇದೇ ಬಗೆಯದು: ಹೊಲಕ್ಕೆ ಐದು ವರ್ಷಕ್ಕೆ ಒಟ್ಟು 55 ಇಂಚು ನೀರು, ಅಂದರೆ ಸುಮಾರು 1,400 ಮಿಲಿಮೀಟರ್. ಎತ್ತುವ ನೀರನ್ನು ಶೇ 20ರಷ್ಟು ಇಳಿಸುವ ಗುರಿ ಇಟ್ಟುಕೊಂಡವರು ಅದಕ್ಕಿಂತ ಹೆಚ್ಚೇ ಇಳಿಸಿದರು. ಅಲ್ಲಿ ಬಾವಿಬಾವಿಗೆ ಮೀಟರ್ ಇತ್ತು ಎಂಬುದನ್ನು ಮರೆಯಬಾರದು. ಊರವರು ಕೂಡಿ ಬಳಸುವ ಸಂಪತ್ತಿನ ನಿರ್ವಹಣೆಯನ್ನು ಅಧ್ಯಯನ ಮಾಡಿದ ವಿದ್ವಾಂಸೆ ಎಲಿನಾರ್ ಆಸ್ಟ್ರಮ್ 1965ರ ತಮ್ಮ ಸಂಶೋಧನಾ ಪ್ರಬಂಧಕ್ಕೆ ಆರಿಸಿಕೊಂಡ ಕ್ಯಾಲಿಫೋರ್ನಿಯಾದ ವೆಸ್ಟ್ ಬೇಸಿನ್ ಎಂಬ ಅಂತರ್ಜಲ ಪ್ರದೇಶದಲ್ಲೂ ಒಪ್ಪಂದ ನಿಂತದ್ದು ಯಾರು ಎಷ್ಟು ಎತ್ತಿದರು ಎಂಬುದು ಎಲ್ಲರಿಗೂ ಕಾಣುವಂತಾದ ಮೇಲೆ. ಆಟದಲ್ಲೂ ಒಂದು ಸರದಿ ಚೀಟಿಗಳನ್ನು ತೆರೆದಿಟ್ಟು ಆಡಿಸಿ, ಮುಚ್ಚಿಟ್ಟ ಸರದಿಯ ಪಟ್ಟಿಯ ಪಕ್ಕದಲ್ಲಿ ಅದನ್ನು ಇಡಿ.

ಆಟ ತೋರಿಸದ್ದೂ ಬಹಳಷ್ಟಿದೆ. ಕ್ಯಾಲಿಫೋರ್ನಿಯಾ 2014ರಲ್ಲಿ ಮಾಡಿದ ಸುಸ್ಥಿರ ಅಂತರ್ಜಲ ನಿರ್ವಹಣಾ ಕಾಯ್ದೆ ಸ್ಥಳೀಯ ಸಂಸ್ಥೆಗಳು ತಪ್ಪಿಸಬೇಕಾದ ಆರು ಕೇಡುಗಳನ್ನು ಹೆಸರಿಸುತ್ತದೆ: ಮಟ್ಟದ ಕುಸಿತ, ಸಂಗ್ರಹದ ಇಳಿಕೆ, ಸಮುದ್ರದ ನೀರು ನುಗ್ಗುವುದು, ನೀರು ಕೆಡುವುದು, ನೆಲ ಕುಸಿಯುವುದು, ಹೊಳೆಹಳ್ಳ ಸೊರಗುವುದು. ಹಾಳೆಯ ಮೇಲೆ ಕಾಣುವುದು ಮೊದಲ ಎರಡು ಮಾತ್ರ. ಫ್ಲೋರೈಡ್ ಅಥವಾ ಉಪ್ಪಿನ ತೊಂದರೆ ಇರುವ ಊರು ಇದೊಂದನ್ನೇ ನಂಬಿದರೆ ಮೋಸ ಹೋಗುತ್ತದೆ. ಬಂಡೆಯ ಬಿರುಕುಗಳಲ್ಲಿ ನೀರಿರುವ ಕಡೆ ಅಕ್ಕಪಕ್ಕದ ಬಾವಿಗಳಿಗೆ ಸಂಬಂಧವೇ ಇಲ್ಲದಿರಬಹುದು. ಅಲ್ಲಿ ಇಡೀ ಊರಿಗೆ ಒಂದೇ ಹಾಳೆ ಎಂಬುದೇ ಸರಿಹೊಂದುವುದಿಲ್ಲ.

ಹಾಗಾಗಿ ಆಟದ ಬೆನ್ನಿಗೆ ಅಳತೆ ಬರಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಂಬಲದಲ್ಲಿ ಅವಿಭಜಿತ ಆಂಧ್ರದ 7 ಬರಪೀಡಿತ ಜಿಲ್ಲೆಗಳ ರೈತರು ಹದಿನೈದು ದಿನಕ್ಕೊಮ್ಮೆ ಬಾವಿಯ ಮಟ್ಟ ಅಳೆದು, ಹಿಂಗಾರಿಗೆ ಮೊದಲು ಬೆಳೆ–ನೀರಿನ ಆಯವ್ಯಯ ಮಾಡುತ್ತಿದ್ದದ್ದು ಒಳ್ಳೆಯ ಮಾದರಿ. ಅಳೆಯುವಾಗ ಪಂಪು ರಾತ್ರಿಯಿಡೀ ನಿಂತಿರಬೇಕು, ಇಲ್ಲದಿದ್ದರೆ ಸಿಗುವುದು ಸುಧಾರಿಸಿಕೊಳ್ಳುತ್ತಿರುವ ಬಾವಿಯ ಮಟ್ಟ. ಕೇಸಿಂಗಿನ, ಅಂದರೆ ಕೊಳವೆಬಾವಿಯ ಗೋಡೆಗೆ ಇಳಿಸಿದ ಕೊಳವೆಯ, ಅಂಚಿನಲ್ಲಿ ಬಣ್ಣದ ಗುರುತು ಮಾಡಿ ಪ್ರತಿ ಸಲ ಅಲ್ಲಿಂದಲೇ ಅಳೆಯಬೇಕು. ನೀರು ಮುಟ್ಟಿದಾಗ ಬೀಪ್ ಎನ್ನುವ ಅಳತೆ ಟೇಪು ಒದ್ದೆ ಕೇಸಿಂಗಿಗೆ ತಾಗಿದರೂ ಕೂಗುತ್ತದೆ, ಎರಡು ಸಲ ಇಳಿಸಿ ಒಂದೆರಡು ಸೆಂಟಿಮೀಟರಿನೊಳಗೆ ಹೊಂದಿದರೆ ಮಾತ್ರ ಬರೆಯಬೇಕು. ಪಂಪಿನ ಕೇಬಲ್ಲಿಗೆ ಸುತ್ತಿಕೊಂಡು ಟೇಪು ಕಳೆದುಕೊಳ್ಳಬಾರದೆಂದರೆ ಪಂಪು ಇಳಿಸುವಾಗಲೇ ಪಕ್ಕದಲ್ಲಿ 20–25 ಮಿಲಿಮೀಟರ್ ಪೈಪೊಂದನ್ನು ಇಳಿಸಿಡಬೇಕು. ಎತ್ತುವ ನೀರಿಗೆ ಡ್ರಮ್ಮು ಸಾಕು: 200 ಲೀಟರ್ ಡ್ರಮ್ಮು 50 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 4 ಲೀಟರ್, ಗಂಟೆಗೆ 14.4 ಘನ ಮೀಟರ್. ಒಂದು ಹೆಕ್ಟೇರಿಗೆ 100 ಮಿಲಿಮೀಟರ್ ಹಾಯಿಸಲು ಸುಮಾರು 70 ಗಂಟೆ. ಬೇಸಿಗೆಯಲ್ಲಿ ಮತ್ತೆ ಅಳೆಯಬೇಕು, ಮಟ್ಟ ಇಳಿದಾಗ ಪಂಪಿನ ಹೊರಹರಿವೂ ಇಳಿಯುತ್ತದೆ.

ಒಂದೇ ಬಾರಿ ಆಡಿ ಚೀಲ ಕಟ್ಟಿಡುವುದಾದರೆ ಈ ಆಟಕ್ಕೆ ಅರ್ಧ ದಿನ ಕೊಡಬೇಕಾಗಿಲ್ಲ. ಒಂದು ವರ್ಷದ ಅಳತೆ ಕೈಯಲ್ಲಿಟ್ಟುಕೊಂಡು ಎರಡನೆಯ ಸಲ ಆಡುವವರಿಗೆ ಇದನ್ನು ಧಾರಾಳವಾಗಿ ಹೇಳಬಹುದು. ಆಗ ಹಾಳೆಯಲ್ಲಿ ಎಷ್ಟು ಕಾಳು ಇಡಬೇಕು ಎಂಬುದನ್ನು ಬಾವಿಯೇ ತಿಳಿಸುತ್ತದೆ. ಮೇಲಿನ 100 ಹೆಕ್ಟೇರ್ ಗ್ರಾನೈಟ್ ಲೆಕ್ಕದಲ್ಲಿ ಕಳೆದ ವರ್ಷದ ಅದೇ ತಿಂಗಳಿಗಿಂತ ಮಟ್ಟ 3 ಮೀಟರ್ ಕೆಳಗಿದ್ದರೆ, ಆಟ ಶುರುವಾಗುವ ಮೊದಲೇ 5 ಕಾಳು ತೆಗೆದಿಡಬೇಕು.